ಔಷಧವೋ ಅಮಲೋ? ಕುಟುಂಬ ವೈದ್ಯರ ಮುಂದಿರುವ ಒಂದು ಧರ್ಮಪ್ರಶ್ನೆ

ಮದ್ಯ, ಮಾಂಸ, ಮಧುಗಳನ್ನು ತ್ಯಜಿಸಬೇಕೆಂಬುದು ಶ್ರಾವಕರ ಮನೆಯ ಮಕ್ಕಳು ಅಕ್ಷರಾಭ್ಯಾಸಕ್ಕಿಂತ ಮೊದಲೇ ಕಲಿಯುವ ಪಾಠ. ಆಚಾರ್ಯ ಸಮಂತಭದ್ರರು ಈ ಮೂರರ ತ್ಯಾಗವನ್ನು ಪಂಚಾಣುವ್ರತಗಳೊಡನೆ ಕೂಡಿಸಿ ಗೃಹಸ್ಥನ ಎಂಟು ಮೂಲಗುಣಗಳೆಂದು ರತ್ನಕರಂಡ ಶ್ರಾವಕಾಚಾರದಲ್ಲಿ ಎಣಿಸಿದ್ದಾರೆ. ಮದ್ಯವನ್ನು ಏಕೆ ಬಿಡಬೇಕೆಂದು ಕೇಳಿದರೆ ಹಿರಿಯರು ಎರಡು ಕಾರಣಗಳನ್ನು ಹೇಳುತ್ತಾರೆ. ಅದರಲ್ಲಿ ಅಸಂಖ್ಯ ಜೀವಗಳ ಘಾತವಾಗುತ್ತದೆ ಎಂಬುದು ಒಂದು. ಅದು ಬುದ್ಧಿಯನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಮರೆತವನು ನಿಃಶಂಕೆಯಿಂದ ಹಿಂಸೆಗಿಳಿಯುತ್ತಾನೆ ಎಂಬುದು ಇನ್ನೊಂದು. ಇದರಲ್ಲಿ ಯಾರಿಗೂ ಸಂದೇಹವಿಲ್ಲ.

ಆದರೆ ಮನಸ್ಸಿನ ಅರಿವನ್ನೇ ಕೆಲಕಾಲ ಮಾರ್ಪಡಿಸುವ ದ್ರವ್ಯವೊಂದನ್ನು ವೈದ್ಯನೇ ಔಷಧವೆಂದು ಕೊಡಹೊರಟರೆ ಶ್ರಾವಕನು ಏನು ಮಾಡಬೇಕು? ಆ ವೈದ್ಯನು ಏನು ಹೇಳಬೇಕು? ಇದು ಪಂಡಿತರ ಗೋಷ್ಠಿಯಲ್ಲಿ ನನಗೆ ಎದುರಾದ ಪ್ರಶ್ನೆಯಲ್ಲ. ಇಳಕಲ್ಲಿನ ನನ್ನ ಮನೆಯ ಪಡಸಾಲೆಯಲ್ಲಿ ಎದುರಾದುದು. ಅಂದು ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಆದುದರಿಂದಲೇ ಈ ಲೇಖನ.

ಹುನಗುಂದಕ್ಕೆ ಕೊಟ್ಟ ನನ್ನ ತಂಗಿಯ ಯಜಮಾನರು 2021ರಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ ತೀರಿಕೊಂಡರು. ಶೋಕವು ಕಾಲಕ್ರಮದಲ್ಲಿ ಇಳಿಯುವುದೆಂದು ನಾವೆಲ್ಲ ಭಾವಿಸಿದೆವು. ಅದು ಇಳಿಯಲಿಲ್ಲ. ನಿತ್ಯ ಬಸದಿಗೆ ಹೋಗುತ್ತಿದ್ದವಳು ಹಾಸಿಗೆ ಬಿಟ್ಟು ಏಳದಾದಳು. ಣಮೋಕಾರ ಮಂತ್ರ ಹೇಳುತ್ತ ಹೇಳುತ್ತ ನಡುವೆಯೇ ನಿಂತುಬಿಡುತ್ತಿದ್ದಳು. ನಮ್ಮ ಕುಟುಂಬದ ಮೂರು ತಲೆಮಾರನ್ನು ನೋಡಿದ ವೈದ್ಯರು ಆಕೆಯನ್ನು ಬಾಗಲಕೋಟೆಯ ಮನೋವೈದ್ಯರೊಬ್ಬರ ಬಳಿಗೆ ಕಳುಹಿಸಿದರು. ಒಂದು ಮಾತ್ರೆ, ಬಳಿಕ ಇನ್ನೊಂದು ಮಾತ್ರೆ, ಬಳಿಕ ಎರಡೂ ಕೂಡಿ. ಎರಡು ವರ್ಷ ಕಳೆದರೂ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ.

ಬೆಂಗಳೂರಿನಲ್ಲಿದ್ದ ಆಕೆಯ ಮಗ ಅಲ್ಲಿಯ ಮನೋವೈದ್ಯರನ್ನು ಕಂಡು ಬಂದು, ಕೆಟಮಿನ್ ಎಂಬ ಔಷಧವನ್ನು ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡುವ ಚಿಕಿತ್ಸೆಯಿದೆಯೆಂದೂ, ಕೊಡುವ ಹೊತ್ತಿನಲ್ಲಿ ರೋಗಿಗೆ ಕನಸಿನಂತಹ, ದೇಹದಿಂದ ಬೇರೆಯಾದಂತಹ ಅನುಭವ ಆಗಬಹುದೆಂದೂ ಹೇಳಿದ. ತಂಗಿ ನನ್ನ ಮುಖ ನೋಡಿ, "ಅಣ್ಣಾ, ನೀ ಹೂಂ ಅಂದ್ರ ತಗೋತೀನಿ. ವ್ರತಕ್ಕ ಭಂಗ ಬರತೈತೇನು?" ಎಂದು ಕೇಳಿದಳು.

ನಾನು ಕುಟುಂಬ ವೈದ್ಯರನ್ನು ಕೇಳಿದೆ. ಅವರೆಂದರು: "ಸಾವಕಾರ್ರ, ಇದು ನನಗ ಪೂರಾ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಹೂಂ ಅಂತನೂ ಅನ್ನಂಗಿಲ್ಲ, ಉಹೂಂ ಅಂತನೂ ಅನ್ನಂಗಿಲ್ಲ. ನಾಲ್ಕ ದಿನ ಟೈಮ್ ಕೊಡ್ರಿ, ತಿಳಕೊಂಡು ಹೇಳತೀನಿ." ಆ ನಾಲ್ಕು ದಿನಗಳನ್ನು ಕಾಯುವ ವ್ಯವಧಾನ ನನಗಿರಲಿಲ್ಲ. ನಾಲ್ಕು ಗ್ರಂಥಗಳನ್ನು ಓದಿದವನೆಂಬ ಹೆಮ್ಮೆಯಿತ್ತು. ಅಂದು ಸಂಜೆಯೇ ತಂಗಿಗೆ, "ಇದು ಅಮಲಿನ ಪದಾರ್ಥ, ನಮಗೆ ಬೇಡ" ಎಂದುಬಿಟ್ಟೆ. ಅಣ್ಣನ ಮಾತೆಂದು ಆಕೆ ಒಪ್ಪಿಕೊಂಡಳು. ವೈದ್ಯರು ವಿಷಯ ತಿಳಿದುಕೊಂಡು ನಾಲ್ಕನೆಯ ದಿನ ಬಂದಾಗ ನಾನು ಬಾಗಿಲು ಮುಚ್ಚಿ ಆಗಿತ್ತು. ಮುಂದಿನ ಹತ್ತು ತಿಂಗಳು ಆಕೆ ಪಟ್ಟ ಪಾಡನ್ನು ಇಲ್ಲಿ ಬರೆಯಲಾರೆ. ಪ್ರತಿಕ್ರಮಣದಲ್ಲಿ ಕುಳಿತಾಗಲೆಲ್ಲ ಆ ಹತ್ತು ತಿಂಗಳು ನನ್ನ ಕಣ್ಣ ಮುಂದೆ ಬರುತ್ತವೆ.

ಈಗ ವಿಷಯವನ್ನು ಕ್ರಮವಾಗಿ ನೋಡೋಣ.

ಸೈಕೆಡೆಲಿಕ್ ಎಂದು ಕರೆಯುವ ದ್ರವ್ಯಗಳು ಗ್ರಹಿಕೆ, ಭಾವ, ಕಾಲಜ್ಞಾನಗಳನ್ನು ಕೆಲವು ಗಂಟೆ ಮಾರ್ಪಡಿಸುವಂಥವು. ಸ್ವಿಟ್ಜರ್‌ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್.ಎಸ್.ಡಿ.ಯನ್ನು ತಯಾರಿಸಿ 1943ರಲ್ಲಿ ಅದರ ಪರಿಣಾಮವನ್ನು ಕಂಡುಕೊಂಡನು. ಸೈಲೋಸೈಬಿನ್ ಎಂಬುದು ಕೆಲವು ಜಾತಿಯ ಅಣಬೆಗಳಲ್ಲಿರುವ ದ್ರವ್ಯ. ಎಂ.ಡಿ.ಎಂ.ಎ. ಎಂಬುದನ್ನೂ ಈ ಚಿಕಿತ್ಸೆಗಳ ಸಾಲಿನಲ್ಲಿಯೇ ಎಣಿಸುತ್ತಾರೆ. 1950 ಮತ್ತು 60ರ ದಶಕಗಳಲ್ಲಿ ಪಾಶ್ಚಾತ್ಯ ಮನೋವೈದ್ಯರು ಇಂಥವನ್ನು ಚಿಕಿತ್ಸೆಗೆ ಬಳಸಿ ನೋಡಿದರು. ಅವು ಬೀದಿಗೆ ಹರಿದು ದುರುಪಯೋಗವಾದಾಗ 1971ರ ವಿಶ್ವಸಂಸ್ಥೆಯ ಒಪ್ಪಂದದ ಮೂಲಕ ಕಟ್ಟುನಿಟ್ಟಿನ ನಿಯಂತ್ರಣ ಬಂತು. ನಮ್ಮ ದೇಶದ 1985ರ ಮಾದಕ ದ್ರವ್ಯ ಕಾಯಿದೆಯ ಪಟ್ಟಿಯಲ್ಲಿಯೂ ಈ ಮೂರೂ ಇವೆ. ಇಲ್ಲಿ ಯಾವ ವೈದ್ಯರೂ ಇವನ್ನು ಚೀಟಿಯಲ್ಲಿ ಬರೆದುಕೊಡುವಂತಿಲ್ಲ.

ಕಳೆದ ಇಪ್ಪತ್ತು ವರ್ಷಗಳಲ್ಲಿ ಸಂಶೋಧನೆ ಮತ್ತೆ ಚಿಗುರಿದೆ. 2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಯುಳ್ಳ 233 ರೋಗಿಗಳಿಗೆ ಒಂದೇ ಸಲ ಸೈಲೋಸೈಬಿನ್ ಕೊಡಲಾಯಿತು. ಮೂರನೆಯ ವಾರದಲ್ಲಿ ನೋಡಿದಾಗ 25 ಮಿಲಿಗ್ರಾಂ ಪಡೆದವರಲ್ಲಿ 100ಕ್ಕೆ 29 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಹೆಸರಿಗೆ ಮಾತ್ರ 1 ಮಿಲಿಗ್ರಾಂ ಪಡೆದವರಲ್ಲಿ 100ಕ್ಕೆ 8 ಮಂದಿ. ಹನ್ನೆರಡನೆಯ ವಾರದ ಹೊತ್ತಿಗೆ ಈ ಅಂತರ ಬಹಳ ಕುಗ್ಗಿತ್ತು. ಆಸ್ಟ್ರೇಲಿಯಾ 2023ರ ಜುಲೈಯಿಂದ, ಪರವಾನಗಿ ಪಡೆದ ಮನೋವೈದ್ಯರಿಗೆ ಮಾತ್ರ, ಇಂತಹ ಖಿನ್ನತೆಗೆ ಸೈಲೋಸೈಬಿನ್ನನ್ನೂ ಆಘಾತೋತ್ತರ ಮನೋವ್ಯಾಧಿಗೆ ಎಂ.ಡಿ.ಎಂ.ಎ.ಯನ್ನೂ ಕೊಡಲು ಅನುಮತಿಸಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2024ರ ಆಗಸ್ಟಿನಲ್ಲಿ ಎಂ.ಡಿ.ಎಂ.ಎ.ಯ ಅರ್ಜಿಯನ್ನು ಒಪ್ಪದೆ ಇನ್ನೂ ಸಾಕ್ಷ್ಯ ಬೇಕೆಂದಿತು. ಅದೇ ತಿಂಗಳು ಒಂದು ವೈದ್ಯಕೀಯ ಪತ್ರಿಕೆ ಇದರ ಕುರಿತ ಮೂರು ಪ್ರಬಂಧಗಳನ್ನು ಹಿಂದಕ್ಕೆ ಪಡೆಯಿತು. ಪ್ರಯೋಗದ ಕೋಣೆಯಲ್ಲಿ ಚಿಕಿತ್ಸಕರೇ ಮರ್ಯಾದೆ ಮೀರಿ ನಡೆದುಕೊಂಡದ್ದು ಅದಕ್ಕೆ ಒಂದು ಕಾರಣ. ಲಾಭದ ಬದಿಯನ್ನು ಮಾತ್ರ ಬರೆದು ಹಾನಿಯ ಬದಿಯನ್ನು ಬಿಟ್ಟ ಕಿರ್ದಿಯನ್ನು ವ್ಯಾಪಾರಿ ನಂಬುವುದಿಲ್ಲ. ಇಲ್ಲಿಯೂ ಎರಡೂ ಬದಿಗಳನ್ನು ನೋಡಬೇಕು.

ಕೆಟಮಿನ್ ಇವುಗಳಿಗೆ ಹತ್ತಿರದ್ದಾದರೂ ಬೇರೆ ವರ್ಗದ್ದು. ಅದು 1970ರಿಂದ ಬಳಕೆಯಲ್ಲಿರುವ ಅರಿವಳಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿದೆ. ನಮ್ಮಂತಹ ಊರುಗಳ ಶಸ್ತ್ರಕ್ರಿಯಾ ಕೊಠಡಿಗಳಿಗೆ ಹೊಸದಲ್ಲ. ದುರುಪಯೋಗ ಕಂಡು ಕೇಂದ್ರ ಸರ್ಕಾರ 2011ರಲ್ಲಿ ಅದನ್ನೂ ಮಾದಕ ದ್ರವ್ಯ ಕಾಯಿದೆಯ ಅಂಕೆಗೆ ತಂದಿತು. ಅರಿವಳಿಕೆಗೆ ಕೊಡುವುದಕ್ಕಿಂತ ಬಹು ಕಡಿಮೆ ಪ್ರಮಾಣದಲ್ಲಿ, ಸುಮಾರು 40 ನಿಮಿಷ ಹನಿಹನಿಯಾಗಿ ಕೊಟ್ಟರೆ ಕಠಿಣ ಖಿನ್ನತೆಯು ಗಂಟೆಗಳಲ್ಲಿಯೇ ಸಡಿಲಗೊಳ್ಳುವುದು ಹಲವರಲ್ಲಿ ಕಂಡಿದೆ. ಆದರೆ ಆ ಸಡಿಲಿಕೆ ಕೆಲವು ದಿನ ಅಥವಾ ಕೆಲವು ವಾರ ಮಾತ್ರ ನಿಲ್ಲುತ್ತದೆ. ರಕ್ತದೊತ್ತಡ ಏರುತ್ತದೆ, ಚಟವಾಗುವ ಭಯವಿದೆ, ಚಟವಾದವರಲ್ಲಿ ಮೂತ್ರಕೋಶ ಕೆಡುತ್ತದೆ. ನಮ್ಮ ರಾಜ್ಯದಲ್ಲಿ ಕುಟುಂಬ ವೈದ್ಯರ ಮುಂದೆ ನಿಜವಾಗಿ ಬರುವ ಪ್ರಶ್ನೆ ಇಂದಿಗೆ ಈ ಕೆಟಮಿನ್ ಒಂದರದೇ.

ತಂಗಿಯ ಪ್ರಸಂಗದ ಬಳಿಕ ಬಾಗಲಕೋಟೆ, ಬಾದಾಮಿ, ಹುನಗುಂದಗಳಲ್ಲಿ ನನಗೆ ಪರಿಚಯವಿರುವ ಕೆಲವು ವೈದ್ಯರನ್ನು ಈ ವಿಷಯವಾಗಿ ಮಾತನಾಡಿಸಿದೆ. ಮೂರು ಬಗೆಯ ಉತ್ತರಗಳು ದೊರೆತವು. "ಅಮಲನ್ನು ಅಮಲಿನಿಂದ ಕಳೆಯಲಾದೀತೇ?" ಎಂದು ನಕ್ಕು ತಳ್ಳಿಹಾಕಿದವರು ಕೆಲವರು. ಮೊಬೈಲಿನಲ್ಲಿ ಬಂದ ವೀಡಿಯೊ ನೋಡಿ, ಇನ್ನು ಹತ್ತು ವರ್ಷದಲ್ಲಿ ಮಾತ್ರೆಗಳೇ ಬೇಕಾಗುವುದಿಲ್ಲ ಎಂದು ಉತ್ಸಾಹಗೊಂಡವರು ಒಬ್ಬಿಬ್ಬರು. ಉಳಿದವರು ಹೆಚ್ಚಾಗಿ, "ಅದು ಮನೋವೈದ್ಯರ ವಿಷಯ, ನಮ್ಮದಲ್ಲ" ಎಂದರು. ಬಾದಾಮಿಯ ಹಿರಿಯ ವೈದ್ಯರೊಬ್ಬರ ಮಾತು ಮಾತ್ರ ನನ್ನ ಮನಸ್ಸಿನಲ್ಲಿ ನಿಂತಿತು. ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದು ರಾತ್ರಿ ಬಸ್ಸಿಗೆ ಊರಿಗೆ ಬಂದ ರೋಗಿಗೆ ಬೆಳಗಿನ ಜಾವ ಗಾಬರಿಯಾದರೆ ತಟ್ಟುವುದು ನಮ್ಮ ಬಾಗಿಲನ್ನು. ರಕ್ತದೊತ್ತಡದ ಮಾತ್ರೆ ಬರೆದವರು ನಾವು, ಮನೆಯಲ್ಲಿ ಹಿಂದೆ ಯಾರಿಗೆ ಚಿತ್ತಭ್ರಮಣೆಯಾಗಿತ್ತೆಂದು ಬಲ್ಲವರು ನಾವು. ಹಾಗಿರುವಾಗ ನಮ್ಮದಲ್ಲವೆಂದು ಹೇಗೆ ಹೇಳುವುದು ಎಂದು ಅವರು ಕೇಳಿದರು.

ಇದು ಹೊಸ ಮಾತೇನಲ್ಲ. 1980ರ ದಶಕದ ನಡುವಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಮಗೆ ದೂರವಲ್ಲದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಿ ಉಪಚರಿಸುವ ತರಬೇತಿ ಕೊಟ್ಟಿತು. ಮನೋರೋಗವೆಂದರೆ ಹುಚ್ಚಾಸ್ಪತ್ರೆಯ ಕೆಲಸವೆಂದು ಜನ ತಿಳಿದಿದ್ದ ಕಾಲವದು. ಊರಿನ ವೈದ್ಯನೂ ಇದನ್ನು ಮಾಡಬಲ್ಲನೆಂದು ಬಳ್ಳಾರಿ ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ಅಂದಮೇಲೆ, ಕೊಡುವ ಕೈ ಮನೋವೈದ್ಯರದಾದರೂ ಕಾಯುವ ಕಣ್ಣು ಕುಟುಂಬ ವೈದ್ಯರದು.

ಇನ್ನು ಧರ್ಮದ ಪ್ರಶ್ನೆ. ನನ್ನ ಅಂದಿನ ವಾದವನ್ನೇ ಮೊದಲು ಪರೀಕ್ಷಿಸುತ್ತೇನೆ. ಅರಿವನ್ನು ಮಸುಕುಗೊಳಿಸುವುದೆಲ್ಲ ಮದ್ಯವೆಂಬುದು ನನ್ನ ಹೇತುವಾಗಿತ್ತು. ಆದರೆ ಕೆಲವು ವರ್ಷಗಳ ಹಿಂದೆ ನನಗೆ ಹರ್ನಿಯಾ ಶಸ್ತ್ರಕ್ರಿಯೆಯಾದಾಗ ಅರಿವಳಿಕೆ ಪಡೆದೆ. ವ್ರತಭಂಗವಾಯಿತೆಂದು ನಾನೂ ಹೇಳಲಿಲ್ಲ, ಯಾರೂ ಹೇಳಲಿಲ್ಲ. ಆಯುರ್ವೇದದ ಅರಿಷ್ಟ, ಆಸವಗಳಲ್ಲಿ ಹುಳಿತು ಹುಟ್ಟಿದ ಮದ್ಯಾಂಶವಿರುವುದನ್ನೂ ನಮ್ಮಲ್ಲಿ ಅನೇಕರು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ದೇಹದ ನೋವಿಗೆ ಸಲ್ಲುವ ನ್ಯಾಯ ಮನಸ್ಸಿನ ನೋವಿಗೆ ಸಲ್ಲದೆಂದರೆ, ಮನಸ್ಸಿನ ನೋವನ್ನು ನಾವು ನೋವೆಂದೇ ಒಪ್ಪಿಲ್ಲವೆಂದಾಯಿತು. ತಂಗಿಯ ವಿಷಯದಲ್ಲಿ ನಾನು ಮಾಡಿದ್ದು ಅದನ್ನೇ.

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನು ಮುಂದಿಟ್ಟಿದ್ದಾರೆ. ಎಚ್ಚರಗೇಡಿನಿಂದ ಪ್ರಾಣಕ್ಕೆ ಪೀಡೆಯಾದರೆ ಅದು ಹಿಂಸೆ. ನಮ್ಮ ನಾಡಿನವರೇ ಆದ ಪೂಜ್ಯಪಾದರು ಅದೇ ಸೂತ್ರಗ್ರಂಥಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ವೈದ್ಯನ ಉದಾಹರಣೆಯನ್ನೇ ಕೊಡುತ್ತಾರೆ. ಮುನಿಯ ದೇಹದ ಮೇಲಿನ ಕುರುವನ್ನು ಕರುಣೆಯಿಂದ ಕೊಯ್ಯುವ ವೈದ್ಯನು ನೋವಿಗೆ ನಿಮಿತ್ತನಾದರೂ ಪಾಪಕ್ಕೆ ಪಾತ್ರನಲ್ಲ. ವೈದ್ಯನ ಕೈಯಲ್ಲಿರುವ ಶಸ್ತ್ರವೊಂದನ್ನೇ ನೋಡಿ ನಿರ್ಣಯಿಸಬಾರದು. ಆಶಯವನ್ನೂ ಎಚ್ಚರವನ್ನೂ ನೋಡಬೇಕು. ದ್ರವ್ಯದ ವಿಷಯದಲ್ಲಿಯೂ ಹಾಗೆಯೇ. ಸುಖಕ್ಕಾಗಿ, ಮರೆವಿಗಾಗಿ, ತನ್ನಿಚ್ಛೆಯಂತೆ ಸೇವಿಸಿದರೆ ಅದು ಪ್ರಮಾದ. ರೋಗ ನಿಶ್ಚಯವಾಗಿ, ಅಳತೆಯಲ್ಲಿ, ಬಲ್ಲವರ ಕಣ್ಗಾವಲಿನಲ್ಲಿ, ಅರಿವನ್ನು ಮರಳಿ ಪಡೆಯುವುದಕ್ಕಾಗಿ ತೆಗೆದುಕೊಂಡರೆ ಅದು ಪ್ರಮಾದದ ಪರಿಹಾರ.

ನಮ್ಮ ಪೂರ್ವಿಕರು ವೈದ್ಯಶಾಸ್ತ್ರದಲ್ಲಿ ಈ ಎರಡೂ ದಾರಿಗಳನ್ನು ಬಲ್ಲವರಾಗಿದ್ದರು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕದಲ್ಲಿ ಮದ್ಯ ಮಾಂಸ ಮಧುಗಳಿಲ್ಲದೆ ಚಿಕಿತ್ಸೆ ಸಾಧ್ಯವೆಂದು ವೈದ್ಯಪದ್ಧತಿಯನ್ನೇ ರೂಪಿಸಿದರು. ಹದಿನಾಲ್ಕನೆಯ ಶತಮಾನದ ಜೈನಕವಿ ಮಂಗರಾಜನು ಕನ್ನಡದಲ್ಲಿ ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯ ಗ್ರಂಥವನ್ನೇ ರಚಿಸಿದನು. ಮೊದಲನೆಯವರಿಂದ ನಾವು ಕಲಿಯಬೇಕಾದುದು, ಬೇರೆ ದಾರಿಯಿರುವಾಗ ಅದನ್ನೇ ಮೊದಲು ಹಿಡಿಯಬೇಕೆಂಬುದು. ಎರಡನೆಯವನಿಂದ ಕಲಿಯಬೇಕಾದುದು, ವಿಷವೆಂದು ಕಣ್ಣು ಮುಚ್ಚಿಕೊಂಡವನು ವೈದ್ಯನಾಗಲಾರನೆಂಬುದು.

ಇಲ್ಲಿ ಒಂದು ನಿಜವಾದ ತೊಡಕಿದೆ, ಅದನ್ನು ಮರೆಮಾಡಬಾರದು. ಶಸ್ತ್ರಕ್ರಿಯೆಯಲ್ಲಿ ಅರಿವು ತಪ್ಪುವುದು ಆನುಷಂಗಿಕ. ಗುಣ ಬರುವುದು ಶಸ್ತ್ರದಿಂದ. ಸೈಕೆಡೆಲಿಕ್ ಚಿಕಿತ್ಸೆಯಲ್ಲಾದರೋ ಆ ಮಾರ್ಪಟ್ಟ ಅನುಭವವೇ ಗುಣಕಾರಿಯೆಂದು ಅದರ ಪಕ್ಷದವರಲ್ಲಿ ಅನೇಕರು ಹೇಳುತ್ತಾರೆ. ಕೆಲವರು ಅದನ್ನು ಆತ್ಮದರ್ಶನವೆಂದೂ ಕರೆಯುತ್ತಾರೆ. ಇದನ್ನು ನಾನು ಒಪ್ಪಲಾರೆ. ಸಮ್ಯಗ್ದರ್ಶನವು ಹನಿಹನಿಯಾಗಿ ರಕ್ತನಾಳದಲ್ಲಿ ಇಳಿಯುವ ವಸ್ತುವಲ್ಲ. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ನಡೆದ ಒಂದು ಸಣ್ಣ ಪ್ರಯೋಗ ಇಲ್ಲಿ ವಿಚಾರಾರ್ಹ. ಶಸ್ತ್ರಕ್ರಿಯೆಗಾಗಿ ಅರಿವಳಿಕೆಯಲ್ಲಿದ್ದ 40 ಖಿನ್ನರೋಗಿಗಳಲ್ಲಿ ಕೆಲವರಿಗೆ ಕೆಟಮಿನ್, ಕೆಲವರಿಗೆ ಬರಿಯ ಲವಣಜಲ ಕೊಟ್ಟರು. ಯಾವುದು ಬಂತೆಂದು ರೋಗಿಗೆ ತಿಳಿಯುವಂತಿರಲಿಲ್ಲ. ಎರಡೂ ಗುಂಪಿನವರು ಸರಿಸುಮಾರು ಸಮವಾಗಿ ಚೇತರಿಸಿಕೊಂಡರು. ಇದರಿಂದ ಔಷಧ ಸುಳ್ಳೆಂದಾಗದು. ಆದರೆ ನಿರೀಕ್ಷೆ, ಆರೈಕೆ, ಯಾರೋ ನನ್ನನ್ನು ಕೈಬಿಟ್ಟಿಲ್ಲವೆಂಬ ನಂಬಿಕೆ ಇವುಗಳ ಪಾಲು ದೊಡ್ಡದೆಂಬುದು ತೋರಿತು. ಆ ಪಾಲನ್ನು ಕೊಡಲು ಯಾವ ಕಾಯಿದೆಯ ಅಡ್ಡಿಯೂ ಇಲ್ಲ.

ಮತ್ತೊಂದು ಆಕ್ಷೇಪವನ್ನು ನಮ್ಮ ಹಿರಿಯರೊಬ್ಬರು ಎತ್ತಿದರು. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಾಹುಬಲಿ ಸ್ವಾಮಿಯನ್ನು ನೋಡಿರಿ, ಬಳ್ಳಿ ಸುತ್ತಿದರೂ ಅಲುಗದೆ ನಿಂತಿದ್ದಾನೆ. ಕರ್ಮಫಲವನ್ನು ಸಹಿಸುವುದೇ ನಿರ್ಜರೆಯಲ್ಲವೇ ಎಂದರು. ನಾನೂ ಆ ಗುಹೆಯ ಮುಂದೆ ನಿಂತು ಇದನ್ನು ಯೋಚಿಸಿದ್ದೇನೆ. ಸ್ವಾಮಿ ನಿಂತದ್ದು ತಾನೇ ಆರಿಸಿಕೊಂಡು, ಪೂರ್ಣ ಎಚ್ಚರದಲ್ಲಿ. ನನ್ನ ತಂಗಿ ಅದನ್ನು ಆರಿಸಿಕೊಂಡಿರಲಿಲ್ಲ. ಎಚ್ಚರವೇ ಆಕೆಯಿಂದ ಕಸಿಯಲ್ಪಟ್ಟಿತ್ತು. ರೋಗವನ್ನು ತಪಸ್ಸೆಂದು ಕರೆಯುವುದು ತಪಸ್ಸಿಗೂ ಅನ್ಯಾಯ, ರೋಗಿಗೂ ಅನ್ಯಾಯ. ತಾನು ಸಹಿಸುವುದು ತಿತಿಕ್ಷೆಯಾದೀತು. ಇನ್ನೊಬ್ಬರಿಗೆ ಸಹಿಸೆಂದು ವಿಧಿಸುವುದು ತಿತಿಕ್ಷೆಯಲ್ಲ.

ಹಾಗಾದರೆ ಕುಟುಂಬ ವೈದ್ಯರ ಕರ್ತವ್ಯವೇನು? ತಿಳಿಯದ್ದನ್ನು ತಿಳಿಯದೆನ್ನುವುದು ಮೊದಲನೆಯದು. ನಮ್ಮ ವೈದ್ಯರು ಆಡಿದ ಮಾತು ಸತ್ಯಾಣುವ್ರತಕ್ಕೆ ಒಪ್ಪುವ ಮಾತು. ಅಲ್ಲಿಗೇ ನಿಲ್ಲದೆ ತಿಳಿದುಕೊಂಡು ಬಂದು ಹೇಳುವುದು ಎರಡನೆಯದು. ರೋಗಿಗೆ ರಕ್ತದೊತ್ತಡ, ಹೃದ್ರೋಗ, ಚಟದ ಇತಿಹಾಸ, ಮನೆತನದಲ್ಲಿ ಚಿತ್ತಭ್ರಮಣೆ ಇವೆಯೇ ಎಂದು ಮನೋವೈದ್ಯರಿಗೆ ಬರೆದು ತಿಳಿಸುವುದು ಮೂರನೆಯದು. ಇತರ ಔಷಧಗಳೂ ಆಪ್ತಸಮಾಲೋಚನೆಯೂ ನ್ಯಾಯವಾಗಿ ಮುಗಿದಿವೆಯೇ ಎಂದು ಕೇಳುವುದು ನಾಲ್ಕನೆಯದು. ಊರಾಚೆಯ ರೆಸಾರ್ಟುಗಳಲ್ಲಿ ಅಣಬೆ ಕೊಟ್ಟು ಧ್ಯಾನ ಮಾಡಿಸುತ್ತೇವೆ ಎನ್ನುವವರ ಬಳಿಗೆ ಹೋಗಬೇಡಿರೆಂದು ನಮ್ಮ ಹುಡುಗರಿಗೆ ಖಂಡಿತವಾಗಿ, ಆದರೆ ಬೈಯದೆ, ಹೇಳುವುದು ಐದನೆಯದು. ಬೈದರೆ ಅವರು ಮುಂದಿನ ಸಲ ವೈದ್ಯರಿಗೆ ಹೇಳದೆ ಹೋಗುತ್ತಾರೆ.

ಮನೆಯವರ ಕರ್ತವ್ಯ ಇದಕ್ಕಿಂತ ಕಠಿಣ. ಮಗಳ ಲಗ್ನಕ್ಕೆ ಅಡ್ಡಿಯಾದೀತೆಂದು ಮನೋರೋಗವನ್ನು ವೈದ್ಯರಿಂದಲೂ ಮುಚ್ಚಿಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಮುಚ್ಚಿಟ್ಟ ರೋಗಕ್ಕೆ ಯಾವ ವೈದ್ಯನೂ ಸರಿಯಾದ ಅಳತೆ ಹಾಕಲಾರ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ವ್ಯಕ್ತಿಗೆ ಕೊಟ್ಟಿದೆ. ವ್ರತಧಾರಿಯಾದವರು ಆರೋಗ್ಯದಲ್ಲಿರುವಾಗಲೇ ತಮ್ಮ ಇಚ್ಛೆಯನ್ನು ಬರೆದಿಟ್ಟರೆ, ನನ್ನಂತಹ ಅಣ್ಣಂದಿರು ಅವರ ಪರವಾಗಿ ತೀರ್ಪು ಕೊಡುವ ಅನರ್ಥ ತಪ್ಪೀತು.

ಬಸದಿಯ ಟ್ರಸ್ಟುಗಳಿಗೂ ಒಂದು ವಿಜ್ಞಾಪನೆ. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಕಣ್ಣಿನ ಶಿಬಿರ, ರಕ್ತದಾನ ಶಿಬಿರಗಳನ್ನು ನಾವು ನಡೆಸುತ್ತಲೇ ಇದ್ದೇವೆ. ವರ್ಷಕ್ಕೊಮ್ಮೆ, ದಶಲಕ್ಷಣ ಪರ್ವದ ಸಂದರ್ಭದಲ್ಲಾಗಲಿ, ಮನೋವೈದ್ಯರೊಬ್ಬರನ್ನೂ ಊರಿನ ಕುಟುಂಬ ವೈದ್ಯರನ್ನೂ ಒಂದೇ ವೇದಿಕೆಗೆ ಕರೆದು ಮನೋರೋಗದ ಮಾತನ್ನು ಬಸದಿಯ ಸಭಾಭವನದಲ್ಲಿಯೇ ಆಡಿಸಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆಯನ್ನು ದರ್ಶನದ ವೇಳಾಪಟ್ಟಿಯ ಪಕ್ಕದಲ್ಲಿ ಬರೆಸಿದರೆ ಖರ್ಚು ಏನೂ ಇಲ್ಲ.

ತಂಗಿಯ ವಿಷಯ ಹೇಳಿ ಮುಗಿಸುತ್ತೇನೆ. 2024ರಲ್ಲಿ ನಾನೇ ಹುನಗುಂದಕ್ಕೆ ಹೋಗಿ, "ಅವತ್ತ ನಾ ಹೇಳಿದ್ದು ತಪ್ಪಾತವ್ವಾ" ಎಂದೆ. ವೈದ್ಯರು ಎಲ್ಲವನ್ನೂ ಆಕೆಗೆ ತಿಳಿಯ ಹೇಳಿದರು, ಗುಣವಾಗದಿರಬಹುದೆಂಬುದನ್ನೂ ಹೇಳಿದರು. ನಿರ್ಧಾರ ಈ ಸಲ ಆಕೆಯದು. ಬೆಂಗಳೂರಿನಲ್ಲಿ ಚಿಕಿತ್ಸೆಯಾಯಿತು. ಪವಾಡವೇನೂ ನಡೆಯಲಿಲ್ಲ. ಎರಡನೆಯ ವಾರ ಹಸಿವಾಗುತ್ತದೆ ಎಂದಳು. ಕೆಲವು ತಿಂಗಳ ಬಳಿಕ ಮಂಕು ಮತ್ತೆ ಕವಿದು ಇನ್ನೊಮ್ಮೆ ಕರೆದೊಯ್ಯಬೇಕಾಯಿತು. ಈಗ ಮಾತ್ರೆ ಮುಂದುವರಿದಿದೆ. ವಾರಕ್ಕೊಮ್ಮೆ ನಮ್ಮ ವೈದ್ಯರು ಫೋನು ಮಾಡಿ ವಿಚಾರಿಸುತ್ತಾರೆ. ಒಂದು ದಿನ ನಾನು ಹೋದಾಗ ಆಕೆ ಬಸದಿಯಿಂದ ಬರುತ್ತಿದ್ದಳು. ಮಂತ್ರ ಪೂರ್ತಿ ಹೇಳಲು ಬಂತೆ ಎಂದು ಕೇಳಿದೆ. ಎರಡು ಸಲ ತಪ್ಪಿತು, ಮೂರನೆಯ ಸಲ ಮುಗಿಯಿತು ಎಂದಳು.

ವ್ರತಭಂಗವಾಯಿತೇ ಎಂದು ಆಕೆ ನನ್ನನ್ನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಹೀಗೆನ್ನುತ್ತಿದ್ದೆ: ನಿನ್ನ ವ್ರತಕ್ಕೆ ಭಂಗ ಬಂದಿಲ್ಲ. ತಿಳಿಯದೆ ತೀರ್ಪು ಕೊಟ್ಟ ದಿನ ಭಂಗವಾದುದು ನನ್ನ ವ್ರತಕ್ಕೆ.